ನಡುಗುವ ಕೈಗೆ ಜಾಗ: ಸಾಮಾಜಿಕ ಆತಂಕದ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಗೆ 31 ವರ್ಷ. ಬಾಗಲಕೋಟೆ ಜಿಲ್ಲೆಯ ನೇಕಾರರ ಊರೊಂದರಲ್ಲಿ ತಂದೆ-ತಾಯಿಯ ಜೊತೆ ವಾಸವಾಗಿದ್ದಾರೆ, ಅಲ್ಲಿಯದೇ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದಾರೆ, ಇನ್ನೂ ಮದುವೆಯಾಗಿಲ್ಲ. ಹೆಸರು ಮತ್ತು ಊರನ್ನು ಮರೆಮಾಡಿದ್ದೇನೆ, ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆದು ಮುಗಿದ ಮೇಲೆ ಅವರಿಗೆ ಓದಲು ಕೊಟ್ಟು ಲಿಖಿತ ಒಪ್ಪಿಗೆ ಪಡೆದಿದ್ದೇನೆ. ಇಲ್ಲಿ ಅವರನ್ನು ಗುಮಾಸ್ತರು ಎಂದಷ್ಟೇ ಕರೆಯುತ್ತೇನೆ. ಈ ಪ್ರಕರಣವನ್ನು ಬರೆಯಲು ಮುಖ್ಯ ಕಾರಣ, ಚಿಕಿತ್ಸೆಯ ನಡುವೆ ನಾನು ಮಾಡಿದ ಒಂದು ತಪ್ಪು. ಸ್ವೀಕಾರವನ್ನು, ಅಂದರೆ ಭಯದ ಜೊತೆ ಗುದ್ದಾಡದೆ ಅದನ್ನು ಇರಗೊಡುವುದನ್ನು, ಆಧಾರವಾಗಿಟ್ಟುಕೊಂಡು ಕೆಲಸ ಮಾಡುವ ಇತರ ಆಪ್ತಸಮಾಲೋಚಕರೂ ಅದೇ ತಪ್ಪನ್ನು ಸುಲಭವಾಗಿ ಮಾಡಬಹುದು ಎಂದು ನನಗೆ ಅನ್ನಿಸಿದೆ.

ಹಿನ್ನೆಲೆ

ಗುಮಾಸ್ತರಿಗೆ ನಾಲ್ಕು ಜನರ ಎದುರು ಕೈ ನಡುಗುತ್ತದೆ. ಶಾಲೆಯಲ್ಲಿದ್ದಾಗಿನಿಂದಲೂ ಎದ್ದು ನಿಂತು ಓದುವುದೆಂದರೆ ಅವರಿಗೆ ಅಂಜಿಕೆಯಿತ್ತು, ಆದರೆ ಅಂಜಿಕೆ ಕೈಗೆ ಬಂದು ನೆಲೆಸಿದ್ದು 19ನೆಯ ವಯಸ್ಸಿನಲ್ಲಿ, ಸೋದರಸಂಬಂಧಿಯ ಮದುವೆಯ ಊಟದ ಪಂಕ್ತಿಯಲ್ಲಿ. ಸಾರು ಬಡಿಸುತ್ತಿದ್ದಾಗ ಸೌಟು ಅಲುಗಾಡಿ, ಹಿರಿಯರೊಬ್ಬರ ಬಿಳಿ ಧೋತರದ ಮೇಲೆ ಸಾರು ಚೆಲ್ಲಿತು. ಅವರು ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಇನ್ನೊಬ್ಬರು ಮಾತ್ರ “ಇಷ್ಟು ಸಣ್ಣ ವಯಸ್ಸಿಗೇ ಕುಡಿಯೂದು ಕಲ್ತಾನೇನು?” ಎಂದು ನಕ್ಕರು. ನಮ್ಮ ಭಾಗದಲ್ಲಿ ಗಂಡಸಿನ ಕೈ ನಡುಗಿದರೆ ಜನ ಮೊದಲು ಊಹಿಸುವುದು ಇದನ್ನೇ. ಗುಮಾಸ್ತರ ಕಾಕಾ ಒಬ್ಬರು ಕುಡಿತದಿಂದಲೇ ತೀರಿಕೊಂಡಿದ್ದರು, ಹಾಗಾಗಿ ಆ ಮಾತು ಅವರಿಗೆ ಇಡೀ ಮನೆತನದ ಮೇಲೆ ಬಿದ್ದ ಕಲೆಯಂತೆ ಕೇಳಿಸಿತು.

ಆನಂತರದ ಹನ್ನೆರಡು ವರ್ಷ ಅವರು ಆ ಕೈಯನ್ನು ಮುಚ್ಚಿಡುವುದರಲ್ಲೇ ಕಳೆದರು. ಸದಸ್ಯರು ಬರುವ ಮೊದಲೇ, ಬೆಳಿಗ್ಗೆ ಎಂಟಕ್ಕೆ ಸಂಘಕ್ಕೆ ಹೋಗಿ ಪಿಗ್ಮಿ ಲೆಕ್ಕವನ್ನೂ ಪಾಸ್‌ಬುಕ್ಕುಗಳನ್ನೂ ಬರೆದಿಡುತ್ತಿದ್ದರು. ಕೌಂಟರಿನಲ್ಲಿ ಬರೆಯಲೇಬೇಕಾಗಿ ಬಂದರೆ ಮಣಿಕಟ್ಟನ್ನು ಮೇಜಿಗೆ ಬಲವಾಗಿ ಒತ್ತಿ ಹಿಡಿಯುತ್ತಿದ್ದರು, ಇಲ್ಲವೇ “ಸ್ವಲ್ಪ ಹೊತ್ತು ಬಿಟ್ಟು ಬರ್ರಿ” ಎನ್ನುತ್ತಿದ್ದರು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ. ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಚಹಾದ ಸಂಗತಿ. ಕಪ್ಪು ಬಸಿ ಹಿಡಿದರೆ ಎರಡೂ ಕಟಕಟ ಸದ್ದು ಮಾಡುತ್ತವೆ ಎಂಬ ಹೆದರಿಕೆಗೆ ಅವರು ಎಲ್ಲರಿಗೂ “ನಾ ಚಹಾ ಬಿಟ್ಟೀನ್ರೀ” ಎಂದು ಹೇಳಿಬಿಟ್ಟಿದ್ದರು, ಆದರೆ ಮನೆಯ ಅಡುಗೆಮನೆಯಲ್ಲಿ ಒಬ್ಬರೇ ನಿಂತು ದಿನಕ್ಕೆ ಮೂರು ಸಲ ಕುಡಿಯುತ್ತಿದ್ದರು. ಚಹಾ ಒಲ್ಲೆನೆಂದರೆ ಮನೆಯವರನ್ನೇ ಒಲ್ಲೆನೆಂದಂತೆ ತಿಳಿಯುವ ಸೀಮೆಯಲ್ಲಿ ಈ ಒಂದು ಸುಳ್ಳನ್ನು ಒಂಬತ್ತು ವರ್ಷ ಕಾಯ್ದುಕೊಂಡು ಬರಲು ಎಷ್ಟು ಮನೆಗಳ ಹೊಸ್ತಿಲನ್ನು ತಪ್ಪಿಸಬೇಕಾಯಿತು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಕನ್ಯೆ ನೋಡಲು ಹೋಗುವುದನ್ನು ನಾಲ್ಕು ಸಲ ಕೊನೆಯ ಗಳಿಗೆಯಲ್ಲಿ ತಪ್ಪಿಸಿದ್ದರು. ವಿಜಯಪುರದಲ್ಲಿರುವ ಅಕ್ಕನ ಮನೆಗೆ, ಅವಳ ಮಗಳ ಜಾವಳಕ್ಕೂ ಹೋಗಿರಲಿಲ್ಲ.

ಮೊದಲು ನಡೆದ ಪ್ರಯತ್ನಗಳು

ಅವರು ಸುಮ್ಮನೆ ಕುಳಿತವರಲ್ಲ. ಥೈರಾಯ್ಡ್ ಪರೀಕ್ಷೆ ಆಗಿತ್ತು, ನರರೋಗ ತಜ್ಞರು ನೋಡಿದ್ದರು. ಒಬ್ಬರೇ ಇದ್ದಾಗ ಬರೆಯುವಾಗಲೂ ಲೋಟ ಎತ್ತುವಾಗಲೂ ಕೈ ಸ್ಥಿರವಾಗಿಯೇ ಇರುವುದರಿಂದ ಇದು ನರದ ಕಾಯಿಲೆಯಲ್ಲ ಎಂದು ಅವರು ತಿಳಿಸಿದ್ದರು. ವೈದ್ಯರು ಬರೆದುಕೊಟ್ಟ ಪ್ರೊಪ್ರನೊಲಾಲ್ 40 ಮಿಲಿಗ್ರಾಂ ಗುಳಿಗೆ ಅಡ್ರಿನಲಿನ್ ದೇಹದ ಮೇಲೆ ಮಾಡುವ ಪರಿಣಾಮವನ್ನು ತಡೆದು ನಡುಕವನ್ನೂ ಎದೆಬಡಿತವನ್ನೂ ತಗ್ಗಿಸುತ್ತದೆ, ಆದರೆ ಜನ ಏನೆಂದಾರು ಎಂಬ ಅಂಜಿಕೆಯನ್ನು ಅದು ಮುಟ್ಟುವುದಿಲ್ಲ. ಗೆಳೆಯರೊಬ್ಬರು “ಒಂದು ಪೆಗ್ ಹಾಕ್ಕೊಂಡು ಹೋಗು, ಕೈ ನಿಂದಿರ್ತೈತಿ” ಎಂದೂ ಸಲಹೆ ಕೊಟ್ಟಿದ್ದರಂತೆ. ಗುಮಾಸ್ತರು ಅದಕ್ಕೆ ಕಿವಿಗೊಡಲಿಲ್ಲ. ಕೊಟ್ಟಿದ್ದರೆ ಈ ಪ್ರಕರಣ ಬೇರೆಯೇ ದಾರಿ ಹಿಡಿಯುತ್ತಿತ್ತು, ಏಕೆಂದರೆ ಸಾಮಾಜಿಕ ಆತಂಕವಿರುವವರು ಮದ್ಯದ ಆಸರೆಗೆ ಬೀಳುವುದು ಅಪರೂಪವಲ್ಲ.

ಒಂದು ರಾತ್ರಿ ಅವರು ಸರಕಾರದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದರು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯಲ್ಲಿ ಮುಖ ತೋರಿಸದೆ ಮಾತನಾಡಬಹುದು ಎಂಬುದೇ ಅವರಿಗೆ ಅನುಕೂಲವಾಯಿತು. ಅಲ್ಲಿ ಅವರ ಮಾತನ್ನು ಸಮಾಧಾನದಿಂದ ಕೇಳಿ, ಇದು ಚಿಕಿತ್ಸೆಯಿರುವ ತೊಂದರೆ, ಮನೋವೈದ್ಯರನ್ನು ಕಾಣಿರಿ ಎಂದು ತಿಳಿಸಿದರು. ಊರಿನವರ ಕಣ್ಣಿಗೆ ಬೀಳಬಾರದೆಂದು ಅವರು ಬಾಗಲಕೋಟೆಗೆ ಬಂದು ಮನೋವೈದ್ಯರನ್ನು ಕಂಡರು. ಮನೋವೈದ್ಯರು ದಿನವೂ ತೆಗೆದುಕೊಳ್ಳಬೇಕಾದ ಆತಂಕ, ಖಿನ್ನತೆಗಳಿಗೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧವನ್ನೂ ಮನೋಚಿಕಿತ್ಸೆಯನ್ನೂ ವಿವರಿಸಿ, ಆಯ್ಕೆಯನ್ನು ಇವರಿಗೇ ಬಿಟ್ಟರು. ಇವರು ಮನೋಚಿಕಿತ್ಸೆಯನ್ನು ಆರಿಸಿಕೊಂಡು ನವನಗರದ ನನ್ನ ಕೋಣೆಗೆ ಬಂದರು.

ನಿರ್ಣಯ

ಸಾಮಾಜಿಕ ಆತಂಕವನ್ನು ಅಳೆಯುವ ಲೀಬೋವಿಟ್ಸ್ ಮಾಪನದಲ್ಲಿ 24 ಸನ್ನಿವೇಶಗಳಿವೆ. ಪ್ರತಿಯೊಂದರ ಭಯವನ್ನೂ ತಪ್ಪಿಸಿಕೊಳ್ಳುವಿಕೆಯನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ, ಗರಿಷ್ಠ ಅಂಕ 144. ಗುಮಾಸ್ತರ ಅಂಕ 86 ಬಂದಿತು. ಖಿನ್ನತೆ ಸೌಮ್ಯವಾಗಿತ್ತು, ಆತ್ಮಹತ್ಯೆಯ ಯೋಚನೆ ಇರಲಿಲ್ಲ.

ಯಾವ ಚಿಕಿತ್ಸೆ ಎಂಬುದು ಮೊದಲ ನಿರ್ಣಯವಾಗಿತ್ತು. ವಯಸ್ಕರ ಸಾಮಾಜಿಕ ಆತಂಕಕ್ಕೆ ಹೆಚ್ಚಿನ ಪುರಾವೆ ಇರುವುದು ಸಿಬಿಟಿ ಎಂದು ಕರೆಯುವ, ಯೋಚನೆಗಳನ್ನು ಪರೀಕ್ಷಿಸಿ ವರ್ತನೆಯನ್ನು ಬದಲಿಸುವ ಅರಿವಿನ ವರ್ತನಾ ಚಿಕಿತ್ಸೆಗೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯೂ ಅದನ್ನೇ ಮೊದಲು ಸೂಚಿಸುತ್ತದೆ. ನಾನೂ ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಮೊದಲ ಭೇಟಿಯಲ್ಲಿ ಅವರ ಯೋಚನೆಗಳಿಗೆ ಆಧಾರವೇನು ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ನನ್ನನ್ನು ತಡೆದು ನಿಲ್ಲಿಸಿತು: “ಕೈ ನಡುಗೂದು ಸುಳ್ಳಲ್ರೀ ಮೇಡಂ. ಮಂದಿ ನೋಡ್ತಾರನ್ನೂದೂ ಸುಳ್ಳಲ್ಲ. ಕುಡ್ಯಾಂವ ಅಂದದ್ದೂ ಖರೇನ ಐತಿ. ಇದರಾಗ ನೀವು ಯಾವದನ್ನ ಸುಳ್ಳು ಮಾಡ್ತೀರಿ?” ಚೆನ್ನಾಗಿ ಮಾಡಿದ ಸಿಬಿಟಿಯಲ್ಲಿ ಇದಕ್ಕೂ ದಾರಿಯಿದೆ ಎಂಬುದು ನಿಜ. ಆದರೆ ಅವರು ಹನ್ನೆರಡು ವರ್ಷ ತಮ್ಮೊಳಗೆ ಇದೇ ವಾದವನ್ನು ನಡೆಸಿ ಬಳಲಿದ್ದರು, ಇನ್ನೊಂದು ವಾದಕ್ಕೆ ನಾನು ಬಾಯಿ ಹಾಕುವುದು ಬೇಡವೆನಿಸಿತು. ಅಮೆರಿಕದಲ್ಲಿ ಮಿಶೆಲ್ ಕ್ರಾಸ್ಕ್ ಮತ್ತು ಸಂಗಡಿಗರು 87 ಜನರ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಬಿಟಿಯೂ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆಯೂ ಚಿಕಿತ್ಸೆಗಾಗಿ ಕಾಯುತ್ತಿದ್ದ ಗುಂಪಿಗಿಂತ ಹೆಚ್ಚು ಫಲ ಕೊಟ್ಟಿದ್ದವು, ತಮ್ಮತಮ್ಮಲ್ಲಿ ಹೆಚ್ಚುಕಡಿಮೆ ಸರಿಸಮವಾಗಿದ್ದವು. ಇದನ್ನೆಲ್ಲ ಅವರ ಮುಂದಿಟ್ಟು, ಇಬ್ಬರೂ ಕೂಡಿ ಎರಡನೆಯದನ್ನು ಆರಿಸಿದೆವು.

ಆ್ಯಕ್ಟ್ ಎಂದು ಕರೆಯುವ ಈ ಚಿಕಿತ್ಸೆಯನ್ನು ಅಮೆರಿಕದ ಸ್ಟೀವನ್ ಹೇಯ್ಸ್ ಮತ್ತು ಸಹೋದ್ಯೋಗಿಗಳು 1980ರ ದಶಕದಿಂದ ರೂಪಿಸುತ್ತ ಬಂದರು. ಭಯ, ನಾಚಿಕೆ, ನಡುಕ ಇವುಗಳನ್ನು ಮೊದಲು ಇಲ್ಲವಾಗಿಸಿ ಆಮೇಲೆ ಬದುಕುವುದು ಇದರ ಕ್ರಮವಲ್ಲ. ಅವು ಇರುವಾಗಲೇ, ಅವುಗಳ ಜೊತೆ ಗುದ್ದಾಡದೆ, ತನಗೆ ಬೇಕಾದ ಬದುಕಿನ ಕಡೆ ಕಾಲಿಡುವುದನ್ನು ಇದು ಕಲಿಸುತ್ತದೆ.

ಚಿಕಿತ್ಸೆಯ ಮೊದಲ ಹಂತ ಮತ್ತು ನನ್ನ ತಪ್ಪು

ಐದು ತಿಂಗಳಲ್ಲಿ 14 ಭೇಟಿಗಳಾದವು. ಎರಡನೆಯ ಭೇಟಿಯಲ್ಲಿ, ಕೈ ನಿಲ್ಲಿಸಲು ಈವರೆಗೆ ಮಾಡಿದ್ದನ್ನೆಲ್ಲ ಬರೆಯಿರಿ ಎಂದು ಹಾಳೆಯೊಂದನ್ನು ಕೊಟ್ಟೆ. ನನ್ನ ಎದುರು ಬರೆಯಬೇಕಾದ್ದರಿಂದ ಕೈ ನಡುಗತೊಡಗಿತು, ಅವರು ಮಣಿಕಟ್ಟನ್ನು ಮೇಜಿಗೆ ಒತ್ತಿದರು. ಹಾಳೆಯ ಎರಡೂ ಮಗ್ಗಲು ತುಂಬಿದವು. ಇವುಗಳಲ್ಲಿ ಯಾವುದರಿಂದ ಕೈ ನಿಂತಿತು, ಯಾವುದರಿಂದ ಬದುಕು ಸಣ್ಣದಾಯಿತು ಎಂದು ಒಂದೊಂದನ್ನೇ ಕೇಳುತ್ತ ಹೋದೆ. ಅಕ್ಕನ ಮನೆಯ ಸಾಲಿಗೆ ಬಂದಾಗ ಅವರು ಬಹಳ ಹೊತ್ತು ಸುಮ್ಮನಾದರು.

ಆ ಬಳಿಕ ಮೂರು ವಾರ ಉಸಿರನ್ನು ಗಮನಿಸುವುದನ್ನೂ, ‘ಕುಡುಕ ಅಂತಾರೆ’ ಎಂಬ ಯೋಚನೆ ಬಂದಾಗ ‘ಹಾಗೊಂದು ಯೋಚನೆ ಈಗ ಬಂದಿದೆ’ ಎಂದು ಅದನ್ನು ಸ್ವಲ್ಪ ದೂರದಿಂದ ನೋಡುವುದನ್ನೂ ಕಲಿಸಿದೆ. ಅವರು ಶಿಸ್ತಿನ ಮನುಷ್ಯ. ದಿನಾಲು ಅಭ್ಯಾಸ ಮಾಡಿ ವಹಿಯಲ್ಲಿ ಬರೆದು ತರುತ್ತಿದ್ದರು, ಅದನ್ನು ಕಂಡು ನಾನು ಸಂತೋಷಪಟ್ಟೆ. ಆರನೆಯ ಭೇಟಿಯಲ್ಲಿ ಅವರು ತುಂಬ ಬೇಸರದಿಂದ ಹೇಳಿದರು: “ಒಪ್ಕೊಂಡೀನ್ರೀ ಮೇಡಂ. ಮನಸಾರೆ ಒಪ್ಕೊಂಡೀನಿ. ಆದ್ರೂ ನಡುಗೂದು ನಿಂದ್ರವಲ್ದು.”

ಆ ಮಾತಿನ ಕೊನೆಯ ಅರ್ಧವನ್ನು ಕೇಳಿದಾಗ ನನಗೆ ನನ್ನ ತಪ್ಪು ಕಂಡಿತು. ಅವರು ಸ್ವೀಕಾರವನ್ನು ಇನ್ನೊಂದು ಗುಳಿಗೆಯಂತೆ ತೆಗೆದುಕೊಳ್ಳುತ್ತಿದ್ದರು. ಕೌಂಟರಿಗೆ ಸದಸ್ಯರು ಬಂದೊಡನೆ ಉಸಿರನ್ನು ಗಮನಿಸುವುದು, ಒಪ್ಪಿದೆ ಎಂದುಕೊಳ್ಳುವುದು, ಕೂಡಲೇ ಕೈ ನಿಂತಿತೇ ಎಂದು ನೋಡುವುದು. ನಿಲ್ಲದಿದ್ದರೆ ಒಪ್ಪಿದ್ದು ಸಾಲದಾಯಿತೆಂದು ಮತ್ತೆ ಒಪ್ಪುವುದು. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ವಿವರಿಸಿದಂತೆ, ಸಾಮಾಜಿಕ ಆತಂಕದಲ್ಲಿ ಗಮನವೆಲ್ಲ ಎದುರಿನವರನ್ನು ಬಿಟ್ಟು ತನ್ನ ದೇಹದ ಕಡೆಗೇ ತಿರುಗುತ್ತದೆ, ಹಾಗೆ ತಿರುಗಿದಷ್ಟೂ ಆತಂಕ ಬೆಳೆಯುತ್ತದೆ. “ಮರದಾಗ ಜ್ವಾಳಾ ಕೇರಿದಂಗ ಕೈ ಆಡ್ತಾವ್ರೀ” ಎಂದು ಅವರು ಹೇಳುತ್ತಿದ್ದರು, ಆದರೆ ನಾನು ಎದುರು ಕುಳಿತು ಕಂಡ ನಡುಕ ಅದರ ಕಾಲು ಭಾಗವೂ ಇರಲಿಲ್ಲ. ಉಸಿರನ್ನು ಗಮನಿಸುವ ಅಭ್ಯಾಸವನ್ನು ಯಾವ ಉದ್ದೇಶಕ್ಕೆ ಮಾಡುತ್ತಿದ್ದಾರೆ ಎಂದು ಕೇಳದೆ ಕಲಿಸಿದ ನಾನು, ತನ್ನ ದೇಹವನ್ನೇ ಗಮನಿಸುವ ಆ ಬೆಂಕಿಗೆ ಇನ್ನಷ್ಟು ಕಟ್ಟಿಗೆ ಹಾಕಿದ್ದೆ. ವಹಿ ತುಂಬಿದ್ದನ್ನು ಕಂಡು ಸಂತೋಷಪಡುವ ಬದಲು ‘ಇದನ್ನು ಏಕೆ ಮಾಡಿದಿರಿ’ ಎಂದು ಮೊದಲ ವಾರವೇ ಕೇಳಬೇಕಾಗಿತ್ತು.

ತಪ್ಪನ್ನು ಅವರ ಮುಂದೆಯೇ ಒಪ್ಪಿಕೊಂಡು ಉಸಿರಿನ ಅಭ್ಯಾಸವನ್ನು ನಿಲ್ಲಿಸಿದೆ. ಪದದ ತೊಡಕೂ ಆಗಲೇ ಹೊರಬಿತ್ತು. ‘ಒಪ್ಪಿಕೊಳ್ಳುವುದು’ ಎಂದರೆ ಅವರಿಗೆ ಒಂದೋ ಸೋಲು ಒಪ್ಪುವುದು, ಇಲ್ಲವೇ ‘ನನ್ನ ಹಣೇಬಾರ’ ಎಂದು ಕೈಚೆಲ್ಲಿ ಕೂರುವುದು. ‘ಸ್ವೀಕಾರ’ವೆಂದರೆ ಸಭೆಯಲ್ಲಿ ಹಾರ ಹಾಕಿಸಿಕೊಳ್ಳುವ ಮಾತು. ನಮ್ಮ ಪಠ್ಯಗಳಲ್ಲಿ ಈ ಪದಗಳು ಸರಿಯಾಗಿ ಕೂತಿರಬಹುದು, ಕೌಂಟರಿನ ಹಿಂದೆ ಕುಳಿತ ಮನುಷ್ಯನಿಗೆ ಅವು ಏನನ್ನೂ ತೋರಿಸುತ್ತಿರಲಿಲ್ಲ. ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರು ಬಂದು ನಿಂತು “ಸ್ವಲ್ಪ ಅತ್ತಾಗ ಸರೀರಿ” ಎಂದಾಗ ಏನು ಮಾಡುತ್ತೀರಿ ಎಂದು ಕೇಳಿದೆ. ಸರಿದು ಜಾಗ ಕೊಡುತ್ತೇನೆ ಎಂದರು. ಅವರು ನಿಮಗೆ ಬೇಕಾದವರೇ? ಅಲ್ಲ. ಅವರು ಇಳಿಯುವವರೆಗೆ ಬಸ್ಸನ್ನು ನಿಲ್ಲಿಸುತ್ತೀರೋ? ಅವರು ತುಸು ಯೋಚಿಸಿ, “ಇಲ್ರೀ, ನಮ್ಮೂರು ಬರೂತನಕ ಒತ್ತಿ ಕುಂತು ಹೋಗೂದ” ಎಂದರು. ಅಂದಿನಿಂದ ನಮ್ಮಿಬ್ಬರ ನಡುವೆ ಒಪ್ಪಿಕೊಳ್ಳುವುದೆಂಬ ಮಾತು ಹೋಗಿ ‘ಜಾಗ ಕೊಡುವುದು’ ಎಂಬ ಮಾತು ಬಳಕೆಗೆ ಬಂತು.

ಅದೇ ದಿನ ಮಣಿಕಟ್ಟನ್ನು ಒತ್ತದೆ, ನನ್ನ ಎದುರೇ, ‘ನನ್ನ ಕೈ ನಡುಗುತ್ತಿದೆ’ ಎಂದು ಹತ್ತು ಸಲ ಬರೆಯಲು ಹೇಳಿದೆ. ಆ ಹಾಳೆ ನನ್ನ ಬಳಿ ಇದೆ. ‘ನಡುಗು’ ಎಂಬಲ್ಲಿಯ ಎರಡು ಕೊಂಬುಗಳೂ ಪ್ರತಿ ಸಾಲಿನಲ್ಲಿ ಓರೆಯಾಗಿವೆ, ಹತ್ತನೆಯ ಸಾಲಿನಲ್ಲೂ ನೆಟ್ಟಗಾಗಿಲ್ಲ. ಆದರೆ ಹತ್ತನ್ನೂ ಓದಲು ಬರುತ್ತದೆ. ಓದಲು ಬರುವುದೇ ಅವರ ಕೆಲಸಕ್ಕೆ ಬೇಕಾದದ್ದು ಎಂಬುದನ್ನು ಅವರೇ ಗಮನಿಸಿದರು.

ಯಾವ ಕಡೆಗೆ ಹೋಗಬೇಕು

ಈ ಚಿಕಿತ್ಸೆಯಲ್ಲಿ ‘ಮೌಲ್ಯ’ಗಳನ್ನು ಗುರುತಿಸುವುದು ದೊಡ್ಡ ಕೆಲಸ. ಮೌಲ್ಯವೇನು ಎಂದಾಗ ಅವರು ಶಾಲೆಯ ನೀತಿಪಾಠದಂತೆ ಸತ್ಯ, ಪ್ರಾಮಾಣಿಕತೆ ಎಂದು ಹೇಳಿ ಮುಗಿಸಿದರು. ಹಾಗಾಗಿ, ಕೈ ಹೀಗೇ ಇದ್ದರೂ ಯಾರ ಮನೆಗೆ ಹೋಗಬೇಕೆನಿಸುತ್ತದೆ, ಯಾರಿಗೆ ಏನು ಮಾಡಿಕೊಡಬೇಕೆನಿಸುತ್ತದೆ ಎಂದು ಕೇಳಿದೆ. ಅಕ್ಕನ ಮನೆ ಎಂಬ ಉತ್ತರ ಕೂಡಲೇ ಬಂತು. ಎರಡನೆಯ ಉತ್ತರಕ್ಕೆ ಹೊತ್ತು ಹಿಡಿಯಿತು. ಮಗ್ಗದ ಕೆಲಸ ಮಾಡುವ, ಓದು ಬರೆಹ ಬಾರದ ಹೆಂಗಸರು ಸಾಲದ ಅರ್ಜಿ ಹಿಡಿದು ಕೌಂಟರಿಗೆ ಬರುತ್ತಾರೆ, ಅವರ ಎದುರು ಕುಳಿತು ಅರ್ಜಿ ತುಂಬಿಕೊಡಬೇಕು ಎಂದರು. ಅವರ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದವರು, ಚಿಕ್ಕಂದಿನಲ್ಲಿ ಅವರ ಕಾಗದಪತ್ರಗಳನ್ನೆಲ್ಲ ಬರೆಯುತ್ತಿದ್ದದ್ದು ಇದೇ ಕೈ.

ಹೀಗಾಗಿ ನಮ್ಮ ಮೆಟ್ಟಿಲುಗಳನ್ನು ಭಯದ ಪ್ರಮಾಣಕ್ಕೆ ತಕ್ಕಂತೆ ಜೋಡಿಸಲಿಲ್ಲ. ಅವರಿಗೆ ಬೇಕಾದದ್ದರಿಂದಲೇ ಶುರು ಮಾಡಿದೆವು. ಅರ್ಜಿ ತುಂಬುವುದು ಮೊದಲು ಬಂತು, ಹೋಟೆಲಿನ ಚಹಾ ಆಮೇಲೆ. ಪ್ರೊಪ್ರನೊಲಾಲ್ ಗುಳಿಗೆಯ ವಿಷಯದಲ್ಲಿ ನಾನು ಆತುರಪಡಲಿಲ್ಲ. ಅದು ಮನೋವೈದ್ಯರಿಗೆ ಸೇರಿದ ನಿರ್ಣಯ. ಅವರ ಸಲಹೆಯಂತೆ, ಅರ್ಜಿ ತುಂಬುವ ದಿನಗಳಲ್ಲಿ ತೆಗೆದುಕೊಳ್ಳದೆ, ಬೇರೆ ಸಂದರ್ಭಗಳಲ್ಲಿ ಬೇಕೆನಿಸಿದರೆ ತೆಗೆದುಕೊಳ್ಳಬಹುದು ಎಂದಾಯಿತು. ಗುಳಿಗೆ ನುಂಗಿ ಮಾಡಿದ ಕೆಲಸದ ಯಶಸ್ಸನ್ನು ಮನಸ್ಸು ಗುಳಿಗೆಯ ಲೆಕ್ಕಕ್ಕೇ ಜಮಾ ಮಾಡುತ್ತದೆ ಎಂಬುದು ಇದರ ಹಿಂದಿನ ವಿಚಾರವಾಗಿತ್ತು.

ತಿರುವು

ಒಂಬತ್ತನೆಯ ಭೇಟಿಗೆ ಮುಂಚಿನ ವಾರ, ಅವರು ಒಬ್ಬ ಹೆಂಗಸಿನ ಅರ್ಜಿ ತುಂಬುತ್ತಿದ್ದಾಗ ಹಿಂದೆ ಸರತಿಯಲ್ಲಿ ನಿಂತಿದ್ದ ಹಿರಿಯ ಸದಸ್ಯರೊಬ್ಬರು ಗಟ್ಟಿಯಾಗಿ ಹೇಳಿದರು: “ಏನೋ ತಮ್ಮಾ, ಕೈ ಯಾಕ ಹಂಗ? ರಾತ್ರಿ ಜಾಸ್ತಿ ಆಗೇತೇನು?” ನಾಲ್ಕೈದು ಜನ ನಕ್ಕರು. ಹನ್ನೆರಡು ವರ್ಷ ಯಾವ ಮಾತಿಗೆ ಅಂಜಿದ್ದರೋ ಅದೇ ಮಾತು ಅಕ್ಷರಶಃ ಬಂದಿತು. ಗುಮಾಸ್ತರು ಅರ್ಜಿಯ ಉಳಿದ ಸಾಲುಗಳನ್ನು ಬರೆದು, ಆ ಹೆಂಗಸಿನಿಂದ ಹೆಬ್ಬೆಟ್ಟು ಒತ್ತಿಸಿ, ಮಧ್ಯಾಹ್ನ ಮನೆಗೆ ಹೋದರು. ಎರಡು ದಿನ ರಜೆ ಹಾಕಿದರು.

ಫೋನಿನಲ್ಲಿ ಇದನ್ನು ಕೇಳಿದಾಗ ನನಗೂ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಅವಸರ ಮಾಡಿದೆನೇ, ಮೆಟ್ಟಿಲು ಇಳಿಸಬೇಕೇ ಎಂದು ಯೋಚಿಸಿದೆ. ಅವರು ಎದುರು ಬಂದು ಕುಳಿತಾಗ ‘ಅವರು ತಮಾಷೆಗೆ ಅಂದಿರಬೇಕು’ ಎಂಬ ಸಮಾಧಾನ ತುದಿನಾಲಿಗೆಯವರೆಗೆ ಬಂದಿತ್ತು. ಅದನ್ನು ಹೇಳಲಿಲ್ಲ. ಆ ಸಮಾಧಾನ ಅವರಿಗಿಂತ ಹೆಚ್ಚಾಗಿ ನನಗೇ ಬೇಕಾಗಿತ್ತು. ಸುಮಾರು ಹೊತ್ತಿನ ಮೌನದ ಬಳಿಕ ಅವರೇ ಮಾತು ತೆಗೆದರು: “ಅಂದ್ರಲ್ರೀ ಕಡೀಕ. ಇದೊಂದು ಮಾತಿಗೆ ಇಷ್ಟು ವರ್ಷ ಅಕ್ಕನ ಮನಿ ಬಿಟ್ಟೆ.” ಅವಮಾನ ಆಯಿತೇ ಎಂದು ಕೇಳಿದೆ. ಬಹಳ ಆಯಿತು, ಈಗಲೂ ಆಗುತ್ತಿದೆ ಎಂದರು. ಎಲ್ಲಿ ಆಗುತ್ತಿದೆ ಎಂದರೆ ಎದೆಯ ನಡುವೆ ಕೈಯಿಟ್ಟು ತೋರಿಸಿದರು. ಅದಕ್ಕೆ ಜಾಗ ಕೊಟ್ಟು ಇಬ್ಬರೂ ಸುಮ್ಮನೆ ಕುಳಿತೆವು. ಹೊರಡುವಾಗ, ಆ ಅರ್ಜಿ ಏನಾಯಿತು ಎಂದು ಕೇಳಿದೆ. ಮಂಜೂರಾಯಿತು ಎಂದರು.

ಚಿಕಿತ್ಸೆ ತಿರುಗಿದ್ದು ಈ ದಿನ. ಭಯಪಟ್ಟದ್ದು ನಡೆಯುವುದಿಲ್ಲ ಎಂದು ನಾನು ಅವರಿಗೆ ಭರವಸೆ ಕೊಟ್ಟಿದ್ದರೆ ಆ ಭರವಸೆ ಅಂದೇ ಮುರಿದು ಬೀಳುತ್ತಿತ್ತು. ಭಯಪಟ್ಟದ್ದು ನಡೆದರೂ ಕೈಯಲ್ಲಿನ ಕೆಲಸ ಮುಂದುವರಿಯಬಲ್ಲದು ಎಂಬುದನ್ನು ಅವರು ಕೌಂಟರಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ, ಸ್ವತಃ ಮಾಡಿ ಕಂಡಿದ್ದರು.

ಆಮೇಲಿನದು ಬೇಗ ಬೇಗ ಸಾಗಿತು. ಸೆಪ್ಟೆಂಬರಿನಲ್ಲಿ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು ಓದಿದರು. ಹಾಳೆ ಅಲುಗಾಡಿದ್ದು ಮೈಕಿನಲ್ಲಿ ಕೇಳಿಸಿತಂತೆ, ಒಂದು ಸಾಲು ತಪ್ಪಿ ಮತ್ತೆ ಓದಿದರಂತೆ.

ಫಲಿತಾಂಶ

ಚಿಕಿತ್ಸೆಯ ಕೊನೆಯಲ್ಲಿ ಅಂಕ 86ರಿಂದ 58ಕ್ಕೆ ಇಳಿದಿತ್ತು, ಆರು ತಿಂಗಳ ಬಳಿಕ 51. ತಪ್ಪಿಸಿಕೊಳ್ಳುವಿಕೆಯ ಅಂಕ ಬಹಳ ಇಳಿದಿತ್ತು, ಭಯದ ಅಂಕ ಅಷ್ಟಾಗಿ ಇಳಿದಿರಲಿಲ್ಲ. ಈ ಚಿಕಿತ್ಸೆಯ ಗುರಿಯನ್ನು ನೋಡಿದರೆ ಇದು ಸಹಜವೇ. ಒಂದೇ ಪ್ರಕರಣದಿಂದ ಚಿಕಿತ್ಸೆಯ ಹೆಚ್ಚುಗಾರಿಕೆ ಸಿದ್ಧವಾಗುವುದಿಲ್ಲ. ಭಯದ ಸನ್ನಿವೇಶಗಳನ್ನು ಮತ್ತೆ ಮತ್ತೆ ಎದುರಿಸಿದ್ದೇ ಬಹುಪಾಲು ಕೆಲಸ ಮಾಡಿರಬಹುದು, ಅದು ಸಿಬಿಟಿಯಲ್ಲೂ ಇದೆ. ನನ್ನ ಮಟ್ಟಿಗೆ ಬದಲಾದದ್ದು ಕೆಲಸದ ಕ್ರಮ. ಯಾವುದೇ ಅಭ್ಯಾಸವನ್ನು ಕಲಿಸಿದ ಮರುವಾರ ‘ಇದನ್ನು ಮಾಡಿದಾಗ ಏನಾಗಲಿ ಎಂದು ಕಾಯುತ್ತಿದ್ದಿರಿ?’ ಎಂದು ಈಗ ತಪ್ಪದೆ ಕೇಳುತ್ತೇನೆ. ‘ಭಯ ಹೋಗಲಿ ಎಂದು’ ಎಂಬ ಉತ್ತರ ಬಂದರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಮಾತಾಡುತ್ತೇನೆ. ಪಠ್ಯದ ಪದವನ್ನು ಬಳಸುವ ಮುನ್ನ, ಆ ಪದ ಎದುರಿಗಿರುವವರ ಮನೆಯಲ್ಲಿ ಯಾವ ಅರ್ಥದಲ್ಲಿ ಓಡಾಡುತ್ತಿದೆ ಎಂದು ವಿಚಾರಿಸುತ್ತೇನೆ.

ಉಳಿದುಕೊಂಡದ್ದೂ ಇದೆ. ಮೇಲಧಿಕಾರಿಗಳಿಗೆ ಫೋನು ಮಾಡುವುದನ್ನು ಗುಮಾಸ್ತರು ಈಗಲೂ ಮುಂದೂಡುತ್ತಾರೆ. ಒಂದು ಕಡೆ ಕನ್ಯೆ ನೋಡಲು ಹೋಗಿ ಬಂದರು, ಸಂಬಂಧ ಕೂಡಿಬರಲಿಲ್ಲ. ಆರು ತಿಂಗಳ ಭೇಟಿಯಲ್ಲಿ ಅವರು ಮೊದಲು ಹೇಳಿದ್ದು ವಿಜಯಪುರದ ಸುದ್ದಿ. ಅಕ್ಕ ಕಪ್ಪು ಬಸಿಯಲ್ಲಿ ಚಹಾ ತಂದಿಟ್ಟು, ತಮ್ಮ ಚಹಾ ಬಿಟ್ಟಿದ್ದಾನೆಂಬುದು ನೆನಪಾಗಿ ತಿರುಗಿ ಒಯ್ಯಲು ಹೋದಳಂತೆ. ಇವರು “ಇರಲಿ ಬಿಡಕ್ಕಾ, ಕುಡೀತೀನಿ” ಎಂದು ಎತ್ತಿಕೊಂಡರು. ಅರ್ಧ ಚಹಾ ಬಸಿಗೆ ಚೆಲ್ಲಿತು. ನಮ್ಮಲ್ಲಿ ಹಿರಿಯರು ಕುಡಿಯುವಂತೆ, ಚೆಲ್ಲಿದ್ದನ್ನು ಬಸಿಯಿಂದಲೇ ಕುಡಿದು, ಅಕ್ಕನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇನ್ನೊಂದು ಕಪ್ಪು ಕೇಳಿದರಂತೆ.